ಓದದೆ ಒಪ್ಪಿದ ಸಾಲುಗಳು

ವೀರೇಶ, ಆ ಫೈಲನ್ನು ನಾನು ಕೊನೆಯವರೆಗೆ ಓದಿರಲಿಲ್ಲ. ಓದಿದ್ದೇನೆ ಎಂದು ನಿನಗೆ ಹೇಳಿದೆ, ಎಲ್ಲರಿಗೂ ಕಾಣುವ ಹಾಗೆ ಬರೆದೂಬಿಟ್ಟೆ. ಆಮೇಲೆ ಅದಕ್ಕಿಂತ ದೊಡ್ಡ ಸುಳ್ಳೊಂದನ್ನು ಹೇಳಿದೆ. ಅದನ್ನು ನೀನು ಇವತ್ತಿಗೂ ನಂಬಿದ್ದೀಯ.

ಆಗ ನೀನು ರಾಜಗೋಪಾಲನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರಗಳಿಗೆ ಪ್ರೋಗ್ರಾಂ ಬರೆದು ನಿವೃತ್ತನಾದವನು. ಪ್ರೋಗ್ರಾಂ ಓಡುತ್ತ ಕುಸಿದರೆ, ಯಾವ ಫೈಲಿನ ಯಾವ ಸಾಲಿನಲ್ಲಿ ಕುಸಿಯಿತು ಎಂದು ತೋರಿಸಿಕೊಡುವ ಕೋಡಿನ ಕಟ್ಟು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ಲೈಬ್ರರಿಯೊಂದಿದೆಯಲ್ಲ — ಅದಕ್ಕೆ ಇಬ್ಬರೂ ಸಂಬಳವಿಲ್ಲದೆ ದುಡಿಯುತ್ತಿದ್ದೆವು. ಅದರ ಕೋಡಿಗೆ ಬದಲಾವಣೆ ಬರೆಯುವವನು ನೀನು, ಪರಿಶೀಲಿಸಿ ಒಪ್ಪಿಗೆ ಕೊಡುವವನು ನಾನು.

ಆ ಭಾನುವಾರಗಳು! ಸುತ್ತಲಿನ ಕಾರ್ಖಾನೆಗಳ ಪ್ರೆಸ್ ಯಂತ್ರಗಳೆಲ್ಲ ರಜೆಯಲ್ಲಿರುತ್ತಿದ್ದವು, ನೆಲ ಅದುರುತ್ತಿರಲಿಲ್ಲ, ಗುಬ್ಬಿಯ ಸದ್ದು ಕೇಳಿಸುತ್ತಿತ್ತು. ಬೆಳಿಗ್ಗೆ ಆರಕ್ಕೆ ಕೂತರೆ ಎಂಟಕ್ಕೆ ಏಳುವುದು ನನ್ನ ನಿಯಮ. ನೀನು ದಾವಣಗೆರೆಯಿಂದ ತಂದ ಮಂಡಕ್ಕಿಯ ಪೊಟ್ಟಣ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದೆ. ಕೀಬೋರ್ಡಿನ ಹತ್ತಿರ ತಿನ್ನಬೇಡ ಎಂದು ನಾನು ಗದರಿದರೆ ನೀನು ನಗುತ್ತಿದ್ದೆ: “ನಿಮ್ಮನ್ನ ಕಂಡ್ರ ಗಡಿಯಾರಕ್ಕೂ ಹೆದ್ರಿಕಿ ಐತಿ ನೋಡ್ರಿ ಸರ.”

ಒಂದು ಭಾನುವಾರ ನೀನು ಊರಿಗೆ ಹೋಗಿದ್ದೆ. ನೀನು ಬದಲಾವಣೆ ಮಾಡಿ ಕಳಿಸಿದ್ದ ಫೈಲು ಉದ್ದವಾಗಿತ್ತು. ಗಂಟೆ ಎಂಟಾದಾಗ ಕೊನೆಯ ಭಾಗ ಇನ್ನೂ ಉಳಿದಿತ್ತು. ಮುಂದಿನ ವಾರಕ್ಕೆ ಇಡಬಹುದಿತ್ತು. ಬಾಕಿ ಉಳಿಸುವ ಅಭ್ಯಾಸ ನನಗಿಲ್ಲವಲ್ಲ — ‘ನೋಡಿದ್ದೇನೆ’ ಎಂದು ಬರೆದು ಒಪ್ಪಿಗೆ ಒತ್ತಿ, ಎದ್ದು ಸ್ನಾನಕ್ಕೆ ಹೋದೆ. ಸಂಜೆ ನಿನ್ನ ಫೋನ್ ಬಂತು.

“ಸರ, ಆ ಕೊನೀ ಭಾಗ ನೋಡಿದ್ರೇನ್ರಿ? ಒಂದು ಸಾಲು ಆಚೀಚೆ ಆಗ್ತದೇನೋ ಅಂತ ಅನುಮಾನ ಐತ್ರಿ.”

“ಎಲ್ಲಾ ನೋಡಿದೀನಿ ಕಣಯ್ಯಾ. ಸರಿಯಾಗಿದೆ. ಊಟ ಮಾಡಿ ಮಲಗು.”

ಸರಿಯಾಗಿರಲಿಲ್ಲ. ಹೊಸ ಆವೃತ್ತಿ ಹೊರಬಿದ್ದ ಮೇಲೆ, ತಪ್ಪು ಒಂದು ಸಾಲಿನಲ್ಲಿದ್ದರೆ ನಮ್ಮ ಲೈಬ್ರರಿ ಅದರ ಮುಂದಿನ ಸಾಲಿನ ಕಡೆ ಬೆರಳು ಮಾಡತೊಡಗಿತು. ಎಲ್ಲೆಲ್ಲಿಯವರೋ ನಿರಪರಾಧಿ ಸಾಲುಗಳನ್ನು ಅಗೆದು ಅಗೆದು ಸೋತು, ಸಿಟ್ಟಿನಿಂದ ಬರೆದರು. ತಂಡದವರು ಸೇರಿದ ಕರೆಯಲ್ಲಿ ಒಬ್ಬರು ಕೇಳಿಯೇಬಿಟ್ಟರು: ನಿಮ್ಮಂಥವರ ಕಣ್ಣು ತಪ್ಪಿಸಿ ಇದು ಹೇಗೆ ಹೋಯಿತು? ನೀನೂ ಆ ಕರೆಯಲ್ಲಿದ್ದೆ. ನನ್ನ ಬಾಯಿಂದ ಆ ಮಾತು —

“ಆ ಭಾಗವನ್ನ ಇನ್ನೊಂದ್ಸಲ ಪರೀಕ್ಷೆ ಮಾಡು ಅಂತ ಫೋನಲ್ಲಿ ಹೇಳಿದ್ನಲ್ಲ, ವೀರೇಶ?”

‘ಇಲ್ಲ’ ಎನ್ನುತ್ತೀಯ ಎಂದು ಕಾದೆ. ಅಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ... ಗೊತ್ತಿಲ್ಲ.

“ಹೇಳಿದ್ರೇನ್ರಿ ಸರ? ನನಗ ನೆನಪೇ ಇಲ್ಲ ನೋಡ್ರಿ. ನೀವು ಹೇಳಿದ್ದೀರಿ ಅಂದ್ಮೇಲೆ ಹೇಳಿರ್ತೀರಿ. ತಪ್ಪಾತು.”

ನನ್ನ ಮಾತನ್ನು ಅನುಮಾನಿಸುವ ಬದಲು ನಿನ್ನ ನೆನಪನ್ನೇ ಅನುಮಾನಿಸಿಕೊಂಡೆ. ಆ ವಾರವೇ ನೀನು ತಂಡ ಬಿಟ್ಟೆ. ಮಂಡಕ್ಕಿಯ ಪೊಟ್ಟಣ ಮತ್ತೆ ಕೆಳಗಿಳಿಯಲಿಲ್ಲ. ಕೆಲವು ತಿಂಗಳಲ್ಲಿ ನೀನು ನಗರದ ಇನ್ನೊಂದು ತುದಿಗೆ, ವರ್ತೂರಿನ ಕಡೆ ಮನೆ ಮಾಡಿದೆ. ನಾನು ಮಾತ್ರ ಪ್ರತಿ ಭಾನುವಾರ ಆರಕ್ಕೆ ಕೂತು ಎಂಟಕ್ಕೆ ಎದ್ದೆ, ಎಲ್ಲರ ಗೌರವವನ್ನೂ ಇಟ್ಟುಕೊಂಡು.

ಮೊನ್ನೆ ಯುಗಾದಿಗೆ ನೀನು ಫೋನ್ ಮಾಡಿದಾಗ ನಗುತ್ತಲೇ ಹೇಳಿದೆ: “ನಮ್ಮ ಆಫೀಸಿನ ಹುಡುಗ್ರಿಗೆ ನನ್ನ ಕಥೀನೇ ಹೇಳ್ತಿರ್ತೀನ್ರಿ ಸರ. ಹಿರಿಯರು ಒಂದು ಮಾತು ಅಂದ್ರ ಬರ್ದಿಟ್ಕೋಬೇಕು, ನನ್ನಂಗ ಮರೀಬಾರ್ದು ಅಂತ.”

ನನ್ನ ಸುಳ್ಳನ್ನು ನೀನು ಪಾಠ ಮಾಡಿಕೊಂಡಿದ್ದೀಯ. ಅದನ್ನು ಕೇಳಿಯೂ ನಾನು, “ಹ್ಞೂಂ, ಒಳ್ಳೇದು” ಎಂದು ಫೋನ್ ಇಟ್ಟೆ.

ನೀನೇನೂ ಮರೆತಿರಲಿಲ್ಲ, ವೀರೇಶ. ನಾನು ಹೇಳಿರಲೇ ಇಲ್ಲ.

ಈ ಬೆಳಿಗ್ಗೆ ಆ ಹಳೆಯ ಬದಲಾವಣೆಯ ಪುಟ ತೆಗೆದೆ. ‘ನೋಡಿದ್ದೇನೆ’ ಎಂಬ ನನ್ನ ಒಪ್ಪಿಗೆಯ ಕೆಳಗೆ, ತಂಡದವರೆಲ್ಲ ಓದುವ ಜಾಗದಲ್ಲೇ, ಓದಿರಲಿಲ್ಲವೆಂದೂ ಪರೀಕ್ಷೆ ಮಾಡೆಂದು ನಿನಗೆ ಹೇಳಿರಲಿಲ್ಲವೆಂದೂ ಬರೆದೆ. ನಿನ್ನ ಆಫೀಸಿನ ಹುಡುಗರಿಗೂ ಅದನ್ನು ತೋರಿಸು.

ಈಗ ಆ ಫೈಲಿನ ಕೊನೆಯ ಭಾಗವನ್ನು ಮೊದಲ ಸಲ ಓದುತ್ತಿದ್ದೇನೆ. ಗಂಟೆ ಎಂಟು ಹೊಡೆದು ಬಹಳ ಹೊತ್ತಾಯಿತು. ಎದ್ದಿಲ್ಲ.