ಶಾಯಿ ಹಚ್ಚದ ಬೆರಳು

ಸತ್ತ ಮನುಷ್ಯರ ಚರಿತ್ರೆಗಿಂತ ಸತ್ತ ಮತಕ್ಷೇತ್ರದ ಚರಿತ್ರೆ ಓದುವುದು ಸುಖ. ತಿಥಿಯ ಊಟವಿಲ್ಲ, ಆದ್ದರಿಂದ ಒಳ್ಳೆಯ ಮಾತನ್ನೇ ಆಡಬೇಕೆಂಬ ಕಟ್ಟುಪಾಡೂ ಇಲ್ಲ. ಲಂಡನ್ನಿನ ಹ್ಯಾರೋದ ನನ್ನ ಫ್ಲ್ಯಾಟಿನಲ್ಲಿ, ಮಾಡಬೇಕಾದ ಕೆಲಸ ಮೇಜಿನ ಮೇಲೆ ಬಿದ್ದಿರುವಾಗ, ಸ್ಕಾಟ್ಲೆಂಡಿನ ಒಂದು ರದ್ದಾದ ಪಾರ್ಲಿಮೆಂಟ್ ಕ್ಷೇತ್ರದ ಸೋಲು ಗೆಲುವುಗಳನ್ನು ಓದುತ್ತ ಕೂತಿದ್ದೆ. ನಾನು ಆ ಕಡೆ ಹೋದವನೇ ಅಲ್ಲ. ಅಲ್ಲಿನ ಒಂದು ಕುರಿಯ ಪರಿಚಯವೂ ನನಗಿಲ್ಲ.

ಈ ಚಟ ಹಚ್ಚಿದವರು ಪಕ್ಕದ ಸ್ಟ್ಯಾನ್ಮೋರ್‌ನ ವಸಂತ ಕಾಕಾ. ಧಾರವಾಡದ ಡಾಕ್ಟರು, ಈಗ ನಿವೃತ್ತರು. ಈ ದೇಶಕ್ಕೆ ಬಂದ ಹೊಸತರಲ್ಲಿ ಆ ಕ್ಷೇತ್ರದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ್ದರು. ಕನ್ನಡ ಬಳಗದ ಸ್ಮರಣ ಸಂಚಿಕೆಗೆ ನಾನು ಆ ಕ್ಷೇತ್ರದ ಕಥೆ ಬರೆಯಬೇಕು, ಅದರಲ್ಲಿ ತಮ್ಮ ಪಾತ್ರವೂ ಬರಬೇಕು ಎಂದು ಅವರ ಅಪ್ಪಣೆ.

ಕಥೆಯೇನೋ ಸಣ್ಣದು. ಕ್ಷೇತ್ರ ಮೊದಲು ನೀಲಿ ಪಕ್ಷದ ಮನೆಯಲ್ಲಿ ಪಿತ್ರಾರ್ಜಿತ ಬೆಳ್ಳಿ ತಟ್ಟೆಯ ಹಾಗೆ ಮಾವನಿಂದ ಅಳಿಯನಿಗೆ, ಅಳಿಯನಿಂದ ಅವನ ಗೆಳೆಯನಿಗೆ ದಾಟಿತು. ಆಮೇಲೆ ಕೆಂಪಿನವರು ಕಿತ್ತುಕೊಂಡರು. ಆಮೇಲೆ ಒಂದು ಸಲ, ಕೂದಲೆಳೆಯ ಅಂತರದಲ್ಲಿ, ಹಳದಿಯವನು ಗೆದ್ದ. ಕೊನೆಗೆ ಸರಕಾರದವರು ಗಡಿ ಎಳೆಯಲು ಕೂತರು. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡಂತೆ ಗುಡ್ಡ ಒಬ್ಬನಿಗೆ, ಸಮುದ್ರ ಇನ್ನೊಬ್ಬನಿಗೆ. ಕ್ಷೇತ್ರ ಸತ್ತಿತು. ಜನ ಮಾತ್ರ ಇದ್ದಲ್ಲೇ ಇದ್ದು ಚಹಾ ಕುಡಿದರು.

ಕಾಕಾ ಪ್ರಕಾರ ಆ ಹಳದಿ ಗೆಲುವು ಅವರದು.

ಭಾರತದ ಪಾಸ್‌ಪೋರ್ಟ್ ಕಿಸೆಯಲ್ಲಿಟ್ಟುಕೊಂಡೇ ಇಲ್ಲಿ ಪಾರ್ಲಿಮೆಂಟಿಗೆ ಮತ ಹಾಕಬಹುದು. ಕಾಮನ್‌ವೆಲ್ತ್ ಎಂಬ ಹಳೆಯ ನಂಟಿನ ಫಲ. ನಮ್ಮನ್ನು ಆಳುವವರನ್ನು ಆರಿಸುವ ಹಕ್ಕು ಬ್ರಿಟನ್ ನಮಗೆ ಕೊಟ್ಟಿತು. ಆಳಿ ಮುಗಿದ ಮೇಲೆ ಕೊಟ್ಟಿತು, ಅಷ್ಟೇ. ಹೊಸದಾಗಿ ಬಂದಿದ್ದ ಕಾಕಾ ಹಳದಿಯ ಕಡೆ, ಅವರ ಹೆಂಡತಿ ಸುಶೀಲಾ ಕಾಕು ಕೆಂಪಿನ ಕಡೆ. ಇಬ್ಬರೂ ಹೋದರೆ ಒಬ್ಬರ ಮತವನ್ನು ಇನ್ನೊಬ್ಬರು ಅಳಿಸಿದಂತೆ. ಅದಕ್ಕೇ ಇಬ್ಬರೂ ಮನೆಯಲ್ಲೇ ಇದ್ದು, ಸಂಜೆ ಚುರುಮುರಿಯ ಗಿರಮಿಟ್ಟು ತಿನ್ನೋಣ ಎಂದು ಒಪ್ಪಂದವಾಯಿತು. ಪಾರ್ಲಿಮೆಂಟಿನಲ್ಲೂ ಎದುರು ಪಕ್ಷಗಳ ಸದಸ್ಯರು ಹೀಗೆ ಜೋಡಿ ಕಟ್ಟಿಕೊಂಡು ಹೊರಗುಳಿಯುತ್ತಾರಂತೆ. ಅವರಿಗೆ ಗಿರಮಿಟ್ಟು ಸಿಗುವುದಿಲ್ಲ.

ಆ ದಿನ ಹಿಮ ಬೀಳುತ್ತಿತ್ತು. ಇದು ಕಾಕಾನ ನೆನಪು. ಕಣ್ಣು ಚುಚ್ಚುವ ಬಿಸಿಲಿತ್ತು. ಇದು ಕಾಕುವಿನದು. ಗೆದ್ದವರ ಹೆಸರುಗಳನ್ನು ನೀಟಾಗಿ ಒಂದರ ಕೆಳಗೊಂದು ಇಟ್ಟಿರುವ ಅಂತರ್ಜಾಲದ ಪುಟ ಹವೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಇಷ್ಟು ನೀಟಾದ ಯಾವುದನ್ನೂ ನಾನು ನಂಬುವುದಿಲ್ಲ. ಆದ್ದರಿಂದ ಹಿಮದಲ್ಲೇ ಬಿಸಿಲು ಬಿತ್ತು ಎಂದಿಟ್ಟುಕೊಳ್ಳಿ.

ಡ್ಯೂಟಿ ಮುಗಿಸಿ ಬರುವಾಗ ದಾರಿಯಲ್ಲಿ ಶಾಲೆ, ಶಾಲೆಯಲ್ಲಿ ಮತಗಟ್ಟೆ. ಕಾಕಾ ಒಳಗೆ ಹೋಗಿಬಿಟ್ಟರು.

"ಧಾರವಾಡ ಆಗಿದ್ರ ಸಿಕ್ಕೊಂಡು ಬೀಳ್ತಿದ್ದೆ ನೋಡಪಾ," ಎಂದರು, ತಮ್ಮ ಮನೆಯಲ್ಲಿ ನನಗೆ ಚಹಾ ಕೊಟ್ಟು. "ಬೆರಳಿಗೆ ಶಾಯಿ ಹಚ್ತಾರ, ಮನ್ಯಾಗ ಚಾ ಕಪ್ ಹಿಡಿದ್ರ ಗೊತ್ತಾಗ್ತದ. ಇಲ್ಲಿ ದಾರ ಕಟ್ಟಿದ ಒಂದು ಪೆನ್ಸಿಲ್ ಕೊಡ್ತಾರ. ಪಾಪಕ್ಕ ಪುರಾವೆನೇ ಇಲ್ಲ."

"ಆದರೆ ಕಾಕಾ, ಗೆಲುವಿನ ಅಂತರ ಒಂದೇ ಮತ ಅಲ್ಲವಲ್ಲ?"

"ಅದರಾಗ ನಂದೂ ಒಂದು ಅದನೋ ಇಲ್ಲೋ?"

"ಕಾಕು ಓದಿದರೆ?"

"ಕ್ಷೇತ್ರನೇ ಇಲ್ಲ ಈಗ. ಅಲ್ಲಿ ಮಾಡಿದ ತಪ್ಪು ಎಲ್ಲಿ ಉಳೀತು?"

ನಗು ಬಿಟ್ಟು ಕಾಕಾ ಇನ್ನೊಂದು ಮಾತು ತೆಗೆದರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು 'ಡಾಕ್ಟರ್ ವಿ' ಎಂದು ಕರೆಯುತ್ತಿದ್ದರಂತೆ. ಮತಗಟ್ಟೆಯ ಮುದುಕಿಯೊಬ್ಬಳು ಕನ್ನಡಕ ಏರಿಸಿ, ತಡವರಿಸಿ, ಅವರ ಪೂರ್ತಿ ಹೆಸರನ್ನು ಕೊನೆಯ ಅಕ್ಷರದವರೆಗೂ ಗಟ್ಟಿಯಾಗಿ ಓದಿದಳಂತೆ. "ಆವತ್ತು ಅನ್ನಿಸ್ತು, ನಾ ಇಲ್ಲಿ ಇದ್ದೀನಿ ಅಂತ."

ಚಹಾದ ಕಪ್ಪುಗಳನ್ನು ಅಡುಗೆಮನೆಗೆ ಒಯ್ದೆ. ಕಾಕು ನಲ್ಲಿ ಜೋರಾಗಿ ಬಿಟ್ಟರು, ಮಾತು ಹೊರಗೆ ಕೇಳದಿರಲೆಂದು.

"ಹೇಳಿದ್ರೇನು ಪರಾಕ್ರಮ?"

ನನ್ನ ಮುಖ ನೋಡಿಯೇ ಅವರಿಗೆ ಉತ್ತರ ಸಿಕ್ಕಿತು.

"ನಂಗೊತ್ತದ ತಮ್ಮಾ. ಯಾವಾಗ್ಲೂ ಗಿರಮಿಟ್ಟಿಗೆ ಖಾರ ಕಡಿಮಿ ಅನ್ನಾವ್ರು, ಆವತ್ತ ಮನಿಗೆ ಬಂದು ಅನ್ಲೇ ಇಲ್ಲ. ಆಗಲೇ ತಿಳೀತು. ಆದ್ರ ಬೆಳಿಗ್ಗೇನ ಕೂಸಿನ್ನ ಗಾಡ್ಯಾಗ ಹಾಕ್ಕೊಂಡು ಹೋಗಿ ಕೆಂಪಿಗೆ ಓಟು ಹಾಕಿ ಬಂದಿದ್ದೆ ನಾನು."

ಅಂದರೆ ಕಾಕಾ ಗೆಲ್ಲಿಸಿದ ಮತ, ಅವರು ಹಾಕುವ ಮೊದಲೇ ಅಳಿಸಿಹೋಗಿತ್ತು. ಇಬ್ಬರೂ ಒಪ್ಪಂದ ಮುರಿದದ್ದರಿಂದ ಲೆಕ್ಕದಲ್ಲಿ ಒಪ್ಪಂದ ಪಾಲನೆಯಾಗಿತ್ತು. ಇದು ತೀರಾ ಅಚ್ಚುಕಟ್ಟಾಗಿದೆ ಎಂದು ನನಗೂ ಅನುಮಾನ. ಕಾಕು ಅಲ್ಲೇ ನಿಂತು ಹೆಣೆದಿರಲೂಬಹುದು.

"ಹಾಗಾದರೆ ನಾನು ಏನು ಬರೆಯಲಿ?"

"ಅವ್ರದು ಬರಿ. ನಂದು ಬ್ಯಾಡ. ಇಷ್ಟು ವರ್ಷ ಆ ಒಂದು ಓಟಿನ ಮ್ಯಾಲೆ ಎದಿ ಉಬ್ಬಿಸ್ಕೊಂಡು ಬದುಕ್ಯಾರ. ನಾನೂ ಹೋಗಿದ್ದೆ ಅಂದ್ರ ಅವ್ರಿಗೇನು ಉಳೀತದ? ಅಚ್ಚಾಗಿ ಬರ್ಲಿ, ಸಿಟ್ಟು ಬಂದಂಗ ಮಾಡ್ತೀನಿ."

ಅಚ್ಚಾಗಿ ಬಂತು. ಕಾಕು ಸಿಟ್ಟನ್ನು ಎಷ್ಟು ಚೆನ್ನಾಗಿ ಅಭಿನಯಿಸಿದರೆಂದರೆ ಕಾಕಾ ಸಂತೋಷದಿಂದ ಹೆದರಿದರು. ನೀವೀಗ ಓದುತ್ತಿರುವ ಈ ಪ್ರಬಂಧದ ಚಿಂತೆ ನನಗಿಲ್ಲ. ಕಾಕಾ ತಮ್ಮ ಹೆಸರಿರುವ ಪುಟ ಮಾತ್ರ ಓದುವವರು, ಇಲ್ಲಿ ಹೆಸರು ಬದಲಿಸಿದ್ದೇನೆ.

ಆಮೇಲೆ ಇಲ್ಲಿಯೂ ಚುನಾವಣೆ ಬಂತು. ಈ ಸಲ ನಿಯತ್ತಿನಿಂದ ಎಂದು ಇಬ್ಬರೂ ಮತ್ತೆ ಒಪ್ಪಂದ ಮಾಡಿಕೊಂಡರು. ಬೆಳಿಗ್ಗೆ ಕಾಕಾ ಫೋನು: ಮೊಣಕಾಲು ನೋವು, ಕಾರು ತಾ, ಕಾಕು ಗುಡಿಗೆ ಹೋಗಿದ್ದಾಳೆ, ಮತಗಟ್ಟೆಗೆ ಹೋಗಿಬರೋಣ. ಮಧ್ಯಾಹ್ನ ಕಾಕು ಫೋನು: ಅವರು ಮಲಗಿದ್ದಾರೆ, ಕಾರನ್ನು ಮೂಲೆಯಲ್ಲಿ ನಿಲ್ಲಿಸು. ಒಂದೇ ಶಾಲೆಗೆ ಎರಡು ಸಲ ಹೋಗಿ, ಎರಡು ಸಲವೂ ಗೇಟಿನಾಚೆ ಕಾದೆ.

ಸಂಜೆ ಅವರ ಮನೆಯಲ್ಲೇ ಚಹಾ, ಗಿರಮಿಟ್ಟು.

"ಹೋಗ್ಲಿಲ್ಲಲ್ಲ?" ಎಂದರು ಕಾಕಾ.

"ನೀವು?"

ಇಬ್ಬರೂ ಎಡಗೈಯ ತೋರುಬೆರಳನ್ನು ಎತ್ತಿ ತೋರಿಸಿದರು. ಶುಭ್ರ. ಒಬ್ಬರ ಬೆರಳನ್ನು ಇನ್ನೊಬ್ಬರು, ಡಾಕ್ಟರ ಮನೆಯಲ್ಲಿ ನೋಡಬೇಕಾದಷ್ಟು ಹೊತ್ತು ನೋಡಿ, ಗಂಭೀರವಾಗಿ ತಲೆಯಾಡಿಸಿದರು. ಗಿರಮಿಟ್ಟಿನ ಖಾರದ ಬಗ್ಗೆ ಕಾಕಾ ಒಂದು ಮಾತೂ ಆಡಲಿಲ್ಲ.

ನಾನೂ ನನ್ನ ಬೆರಳು ನೋಡಿಕೊಂಡೆ. ಅದೂ ಶುಭ್ರವಾಗಿತ್ತು. ಹ್ಯಾರೋಗೆ ಮರಳಿ, ಚಪ್ಪಲಿ ಬಿಚ್ಚಿ, ಹಾಸಿಗೆಗೆ ಬಿದ್ದ ಮೇಲೆ ನೆನಪಾಯಿತು, ನನ್ನ ಮತ ಹಾಕುವುದೇ ಮರೆತಿತ್ತು. ಮೂವರಲ್ಲಿ ಆ ಒಪ್ಪಂದವನ್ನು ನಿಯತ್ತಿನಿಂದ ಪಾಲಿಸಿದವನು, ಅದರಲ್ಲಿ ಇಲ್ಲದ ನಾನೊಬ್ಬನೇ.