ಎರಡು ಮನೆ ನಡೆದ ಕಾಲಾಳು

ಚದುರಂಗವನ್ನು ನನಗೆ ಕಲಿಸಿದವರು ಮಾರೇನಹಳ್ಳಿಯ ನನ್ನ ಸೋದರಮಾವ. ಹೊಲದ ಕೆಲಸ ಮುಗಿದ ಮೇಲೆ ಜಗಲಿಯ ಕಲ್ಲಿನ ಮೇಲೆ ಇದ್ದಿಲಿನಲ್ಲಿ ಮನೆಗಳನ್ನು ಗೀಚಿ ಆಡುತ್ತಿದ್ದೆವು. ಅವರ ಆಟದಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ಮುಂದೆ ಹೋಗಬೇಕು. ಹಾಗೆ ನಿಧಾನವಾಗಿ ಕಾಲಾಳುಗಳ ಗೋಡೆ ಕಟ್ಟಿಕೊಂಡು, ಆಮೇಲೆ ಕುದುರೆ ಬಿಡುವುದು ಮಾವನ ಪಟ್ಟು. ಅದೇ ಪಟ್ಟಿನಿಂದ ನಾನು ಊರಿನವರನ್ನೆಲ್ಲ ಸೋಲಿಸಿದ್ದೆ.

ಐವತ್ತರ ದಶಕದ ಕೊನೆಯ ಮಾತು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ಸಂಘವೊಂದು ಚದುರಂಗದ ಸ್ಪರ್ಧೆ ಇಟ್ಟಾಗ ಹೆಸರು ಕೊಟ್ಟೆ. ಮಾವ ಒಗೆದ ಪಂಚೆ ಉಟ್ಟು ನೋಡಲು ಬಂದರು. ಸಾಲದ್ದಕ್ಕೆ ಆಫೀಸಿನ ಗೆಳೆಯರನ್ನೂ ನಾನೇ ಕರೆದಿದ್ದೆ.

ನನ್ನ ಎದುರಿಗೆ ಕೂತವರು ಒಬ್ಬ ಸ್ಕೂಲು ಮೇಷ್ಟರು. ಮೊದಲ ನಡೆ ಅವರದು. ರಾಜನ ಮುಂದಿನ ಕಾಲಾಳನ್ನು ಎತ್ತಿ ಒಮ್ಮೆಲೇ ಎರಡು ಮನೆ ಮುಂದಿಟ್ಟರು. ನಾನು ಅವರ ಕೈ ಹಿಡಿದುಬಿಟ್ಟೆ.

"ಏನ್ರೀ ಇದು, ಮೊದಲನೇ ನಡೆಗೇ ಮೋಸ ಮಾಡ್ತೀರಲ್ಲ!"

ಎಲ್ಲರೂ ತಿರುಗಿ ನೋಡಿದರು. ತೀರ್ಪುಗಾರರು ಬಂದು, "ಮೊದಲ ಸಲ ಎರಡು ಮನೆ ಹೋಗಬಹುದು ಸಾರ್. ನಿಮಗೆ ಗೊತ್ತಿಲ್ವಾ?" ಎಂದರು. ಹಿಂದೆ ಯಾರೋ ಕಿಸಕ್ಕೆಂದರು. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ನನ್ನ ಗೆಳೆಯರೂ ನಗುತ್ತಿದ್ದರು.

ನಾನೂ ಎರಡು ಮನೆ ನಡೆಸಬಹುದಿತ್ತು, ಕೈ ಬರಲಿಲ್ಲ. ಒಂದೊಂದೇ ಮನೆ ದೂಡುತ್ತ ಮಾವನ ಗೋಡೆ ಕಟ್ಟತೊಡಗಿದೆ. ಅದು ಏಳುವ ಮೊದಲೇ ಮೇಷ್ಟರ ಒಂಟೆ, ಮಂತ್ರಿ ಎರಡೂ ನನ್ನ ರಾಜನ ಹತ್ತಿರ ಬಂದಿದ್ದವು. ಗಾಬರಿಯಲ್ಲಿ ರಾಜನನ್ನು ಕುದುರೆಯಂತೆ ಹಾರಿಸಿದೆ. ಮಾವನ ಆಟದಲ್ಲಿ ರಾಜ ಒಂದು ಸಲ ಹಾಗೆ ಹಾರಬಹುದಿತ್ತು. ತೀರ್ಪುಗಾರರು ರಾಜನನ್ನು ಎತ್ತಿ ಹಿಂದಕ್ಕಿಟ್ಟರು. ಈ ಸಲ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ವಲ್ಪದರಲ್ಲೇ ಸೋತೆ.

ಮೇಷ್ಟರು, "ನಮ್ಮ ತಾತನೂ ನಿಮ್ಮ ಹಾಗೇ ಆಡೋರು. ಆ ಥರ ಒಂದು ಆಟ ಆಡೋಣ್ವಾ?" ಎಂದರು. ಅದೂ ನನಗೆ ಅಣಕದಂತೆ ಕೇಳಿಸಿತು. ಎದ್ದು ಬಂದೆ.

ದಾರಿಯಲ್ಲಿ ಮಾವ, "ಅಲ್ಲ ಕಣ್ಲಾ, ನಾನ್ ಹೇಳ್ಕೊಟ್ಟಿದ್ದೇ ತಪ್ಪಾಯ್ತಾ?" ಎಂದರು.

"ಇಲ್ಲ ಮಾವ. ಅಲ್ಲಿ ಬೇರೆ ಥರ ಆಡ್ತಾರೆ."

"ಹಂಗಾದ್ರೆ ಅದನ್ನ ಕಲ್ತು ನಂಗೂ ಹೇಳ್ಕೊಡು."

ಹೂಂ ಎಂದೆ. ಆದರೆ ಯಾರನ್ನು ಕೇಳಲಿ? ಆ ಆಟ ಬಲ್ಲವರೆಲ್ಲ ಅಂದು ನನ್ನನ್ನು ನೋಡಿ ನಕ್ಕವರೇ. ಸಂಘದ ಬೀದಿಯಲ್ಲಿ ಓಡಾಡುವುದನ್ನೂ ಬಿಟ್ಟೆ.

ಕೆಲವು ವಾರಗಳ ನಂತರ ಹಳ್ಳಿಗೆ ಹೋದಾಗ ಮಾವ ಜಗಲಿಯಲ್ಲಿ ಕಾಯಿ ಜೋಡಿಸಿಕೊಂಡು ಕೂತಿದ್ದರು. ಮೇಷ್ಟರ ಮನೆ ಹುಡುಕಿಕೊಂಡು ಹೋಗಿ, ಅವರ ಹತ್ತಿರ ಹೊಸ ಆಟ ಕಲಿತು ಬಂದಿದ್ದರು.

"ಮೇಷ್ಟ್ರು ಒಳ್ಳೇರು ಕಣ್ಲಾ. ನಿನ್ನನ್ನೂ ಕೇಳ್ತಿದ್ರು. ಕೂತ್ಕೊ, ಹೇಳ್ಕೊಡ್ತೀನಿ."

ಅವರ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಕೂತು ಕಲಿತೆ.