ಕೆಡವದೆ ಬಿಟ್ಟ ಸೇತುವೆ

ನನ್ನ ಅಪ್ಪ ಸೇನಾಧಿಕಾರಿಗಳ ಶಾಲೆಯಲ್ಲಿ ಹಿಂದಿನ ಯುದ್ಧಗಳ ಇತಿಹಾಸ ಕಲಿಸುತ್ತಿದ್ದರು. ಹುಡುಗರು ಅವರಿಗೆ ಇಟ್ಟ ಹೆಸರು 'ಮರಳಪ್ಪ'. ದೊಡ್ಡ ಮೇಜಿನ ಮೇಲೆ ಮರಳು ಸುರಿದು, ಗುಡ್ಡ ಕಟ್ಟಿ, ನೀಲಿ ಬಟ್ಟೆ ಹಾಸಿ ಹೊಳೆ ಮಾಡಿ, ಹಿಂದಿನವರು ಎಲ್ಲಿ ಎಡವಿದರೆಂದು ತೋರಿಸುವುದೇ ಅವರ ಕೆಲಸ. ಮನೆಗೆ ಬಂದರೂ ಅಂಗಿಯ ತೋಳಿನಿಂದ ಮರಳು ಉದುರುತ್ತಿತ್ತು. ಅಮ್ಮ ಗೊಣಗುತ್ತ ಗುಡಿಸುತ್ತಿದ್ದಳು.

ಅವರ ಮೆಚ್ಚಿನ ಪಾಠ ಒಂದು ಸೇತುವೆಯದು. ಹಿಂದೊಂದು ಯುದ್ಧದಲ್ಲಿ ಕಾಲ್ಕಿತ್ತ ಶತ್ರು ಎಲ್ಲ ಸೇತುವೆಗಳನ್ನೂ ಕೆಡವಿ ಒಂದನ್ನು ಮಾತ್ರ ಬಿಟ್ಟಿದ್ದ. ನಮ್ಮವರು ಹಿಗ್ಗಿ ಅದರ ಮೇಲೆ ನುಗ್ಗಿದರು. ಆಚೆ ಗುಡ್ಡದ ಫಿರಂಗಿಗಳು ಅದಕ್ಕೇ ಗುರಿಯಿಟ್ಟು ಕಾದಿದ್ದವು.

"ಶತ್ರು ಏನನ್ನಾದ್ರೂ ಪುಕ್ಕಟೆ ಬಿಟ್ಟು ಹೋದ್ರೆ, ಯಾಕೆ ಅಂತ ಮೊದ್ಲು ಕೇಳ್ರಯ್ಯ," ಎನ್ನುತ್ತಿದ್ದರು ಅಪ್ಪ.

ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಒಬ್ಬ ಮಹಾಶಯ, ಪರೀಕ್ಷೆಯ ದಿನ ತನ್ನ ಮರದ ಸೈನಿಕರನ್ನೆಲ್ಲ ಅಂಥದೇ ಸೇತುವೆಯ ಮೇಲೆ ಸಾಲಾಗಿ ನಡೆಸಿದ. ಅಪ್ಪ ರೇಗಿದರೆ, "ಸತ್ತೋರ ಕಥೆ ಕಟ್ಕೊಂಡು ನಮಗೇನಾಗ್ಬೇಕು ಸಾರ್? ಕಾಲ ಬದಲಾಗಿದೆ," ಎಂದು ಹಲ್ಲು ಕಿರಿದ. ಅಪ್ಪ ಫೇಲ್ ಮಾಡಿದರು. ನನ್ನ ಗ್ರಹಚಾರಕ್ಕೆ, ಅವನ ಜೊತೆ ನನ್ನ ಮದುವೆ ಆಗಲೇ ನಿಶ್ಚಯವಾಗಿತ್ತು.

"ಅಳಿಯ ಆಗೋನ್ನೇ ಫೇಲ್ ಮಾಡ್ತೀರಾ? ನಾಲ್ಕು ಜನ ಏನಂತಾರೆ?" ಎಂದು ಅಮ್ಮ ಊಟ ಬಿಟ್ಟಳು. ಮರುಪರೀಕ್ಷೆಯಲ್ಲೂ ಅವನು ಸೇತುವೆಯನ್ನೇ ದಾಟಿದ. ಅಪ್ಪ ಕಣ್ಣು ಮುಚ್ಚಿಕೊಂಡು ಪಾಸ್ ಮಾಡಿದರು.

ಮದುವೆಯಾಗಿ ಕೆಲವು ವರ್ಷಕ್ಕೆ ಯುದ್ಧ ಬಂತು. ನನ್ನ ಗಂಡ ಒಂದು ತುಕಡಿಯ ಮುಖ್ಯಸ್ಥ. ಓದು ತಲೆಗೆ ಹತ್ತದೆ ಸೇನೆ ಸೇರಿದ್ದ ನನ್ನ ತಮ್ಮ, ಅದೇ ತುಕಡಿಯ ಮೊದಲ ಲಾರಿಯ ಚಾಲಕ. "ಭಾವನ ಜೊತೇಲೇ ಇದಾನೆ, ಇನ್ನೇನು ಚಿಂತೆ?" ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ತಮ್ಮ ಪೆಟ್ಟಿಗೆಯಲ್ಲಿ ಬಂದ. ಗಂಡ ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದು ನಮ್ಮ ಹಜಾರದಲ್ಲಿ ಕೂತ.

"ಸೇತುವೆ ಹಾಗೇ ಇತ್ತು ಮಾವ. ಒಂದು ಕಲ್ಲೂ ಅಲ್ಲಾಡಿರ್ಲಿಲ್ಲ. ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಹೊಳೆ ಬೇರೆ, ಸೇತುವೆ ಬೇರೆ, ಮೂರ್ಖ ಮಾತ್ರ ಅವನೇ. ನನ್ನ ಮೈಯೆಲ್ಲ ಉರಿಯಿತು.

"ಯಾರಿಗೆ ಗೊತ್ತಿತ್ತಾ? ಅಪ್ಪ ಬಡ್ಕೊಂಡ್ರಲ್ಲ! ನನ್ನ ತಮ್ಮನ್ನ ತಿಂದ್ಯಲ್ಲೋ!" ಎಂದೆ. ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವನು ಕಾಪಾಡಿ ಎನ್ನುವಂತೆ ಅಪ್ಪನ ಕಡೆ ನೋಡಿದ.

"ಅವನೊಬ್ಬನ್ನೇ ಯಾಕೆ ಬೈತೀಯ?" ಎಂದರು ಅಪ್ಪ. "ಅವನಿಗೆ ಏನೂ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು."

ಅಮ್ಮ ಎದ್ದು ಒಳಗೆ ಹೋದಳು. ಆ ಮೂವರಲ್ಲಿ ಯಾರನ್ನೂ ನಾನು ಇನ್ನೂ ಕ್ಷಮಿಸಿಲ್ಲ.